ಹಿಮ್ಮಡಿ ನೋವಿಗೆ ಯಾವ ಇನ್ಸೋಲ್, ಗಿಡ್ಡ ಕಾಲಿಗೆ ಯಾವ ಲಿಫ್ಟ್: ಕೊಡಗಿನ ನಡಿಗೆಗೆ ಒಂದು ಹೋಲಿಕೆ

ಶೂ ಒಳಗೆ ಇಟ್ಟುಕೊಳ್ಳುವ ಪ್ಯಾಡುಗಳಲ್ಲಿ ಎರಡು ಬಗೆ, ಎರಡರ ಕೆಲಸವೂ ಬೇರೆ. ಹಿಮ್ಮಡಿ ನೋವಿಗೆ ಇಡುವುದನ್ನು ಎರಡೂ ಕಾಲಿಗೆ ಇಡಬೇಕು, ನೋವು ಒಂದೇ ಕಾಲಿನಲ್ಲಿದ್ದರೂ ಸರಿ. ಒಂದು ಕಾಲು ಗಿಡ್ಡವಿದೆ ಎಂದು ಎತ್ತರಕ್ಕಾಗಿ ಇಡುವ ಲಿಫ್ಟನ್ನು ಗಿಡ್ಡ ಕಾಲಿಗೆ ಮಾತ್ರ ಇಡಬೇಕು. ಅಂಗಡಿಯಲ್ಲಿ ಇವೆರಡೂ ಒಂದೇ ಕೊಕ್ಕೆಗೆ ನೇತಾಡುತ್ತಿರುತ್ತವೆ, ಪೊಟ್ಟಣದ ಮೇಲಿನ ಚಿತ್ರವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಬಲ ಹಿಮ್ಮಡಿ ನೋಯುತ್ತದೆಂದು ಬಲಗಾಲಿಗೊಂದೇ 6 ಮಿ.ಮೀ. ದಪ್ಪದ ಸಿಲಿಕೋನ್ ಕಪ್ ಹಾಕಿಕೊಂಡು ದಿನವಿಡೀ ತೋಟ ಸುತ್ತುವವರು ಬಹಳ. ಇಲ್ಲದ ಉದ್ದ ವ್ಯತ್ಯಾಸವನ್ನು ಆ ಕಪ್ಪೇ ತಂದಿಡುತ್ತದೆ, ಕೆಲವು ವಾರದಲ್ಲಿ ಸೊಂಟವೋ ಮಂಡಿಯೋ ತಕರಾರು ತೆಗೆಯುತ್ತದೆ.

ಕೊಡಗಿನಲ್ಲಿ ಆಯ್ಕೆಯನ್ನು ಬದಲಿಸುವ ಸಂಗತಿಗಳು ಇನ್ನೂ ಇವೆ: ಗಂಬೂಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಇಳಿಜಾರು, ಮನೆಯೊಳಗೆ ಬರಿಗಾಲು. ಬೆಂಗಳೂರಿನ ಆಫೀಸು ನೆಲಕ್ಕೆ ಒಪ್ಪುವ ಇನ್ಸೋಲ್ ಸೋಮವಾರಪೇಟೆಯ ತೋಟದಲ್ಲಿ ಒಂದು ಮಳೆಗಾಲವನ್ನೂ ತಾಳದೇ ಹೋಗಬಹುದು.

ನೋವು ಹಿಮ್ಮಡಿಯ ಯಾವ ಜಾಗದಲ್ಲಿ?

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ನಾಲ್ಕು ಹೆಜ್ಜೆ ಇಡುವಾಗ ಮೊಳೆ ಚುಚ್ಚಿದ ಹಾಗೆ ನೋವು, ಸ್ವಲ್ಪ ಓಡಾಡಿದ ಮೇಲೆ ಕಡಿಮೆ, ಊಟಕ್ಕೆ ಕೂತು ಎದ್ದಾಗ ಮತ್ತೆ ಅದೇ ನೋವು. ಇದು ಪ್ಲಾಂಟರ್ ಫೇಶಿಯೈಟಿಸ್‌ನ ಲಕ್ಷಣ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಹಾದುಹೋಗುತ್ತದೆ; ಅದು ಮೂಳೆಗೆ ಅಂಟಿಕೊಂಡಿರುವ ಜಾಗ ಎಳೆತಕ್ಕೆ ಸಿಕ್ಕಿ ಹಾಳಾಗುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿದರೆ ನೋವು ಹಿಮ್ಮಡಿಯ ನಟ್ಟನಡುವೆ ಸಿಗುವುದಿಲ್ಲ, ಸ್ವಲ್ಪ ಮುಂದಕ್ಕೆ, ಇನ್ನೊಂದು ಕಾಲಿನ ಕಡೆಗಿರುವ ಒಳಪಕ್ಕದಲ್ಲಿ ಸಿಗುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಚೂಪಾಗಿ ಬೆಳೆದಿರುವುದು ಕಂಡರೆ ಗಾಬರಿಯಾಗಬೇಡಿ. ನೋವೇ ಇಲ್ಲದವರಲ್ಲೂ ಅದು ಕಾಣುತ್ತದೆ, ಅದನ್ನು ತೆಗೆಸಲು ಓಡುವ ಅಗತ್ಯ ಬಹುತೇಕ ಯಾರಿಗೂ ಬರುವುದಿಲ್ಲ.

ನೋವು ಹಿಮ್ಮಡಿಯ ನಡುಮಧ್ಯದಲ್ಲಿದ್ದು, ಬರಿಗಾಲಲ್ಲಿ ರೆಡ್ ಆಕ್ಸೈಡ್ ನೆಲದ ಮೇಲೆ ನಿಂತಷ್ಟೂ ಹೆಚ್ಚುತ್ತಾ ಹೋದರೆ ಅದು ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾದದ್ದಿರಬಹುದು. ವಯಸ್ಸಾದವರಲ್ಲಿ ಇದು ಸಾಮಾನ್ಯ. ಹಿಂಭಾಗದಲ್ಲಿ, ಶೂವಿನ ಅಂಚು ಉಜ್ಜುವ ಕಡೆ ನೋವಿದ್ದರೆ ಅದು ಮೀನಖಂಡದಿಂದ ಇಳಿದು ಬರುವ ಅಕಿಲಿಸ್ ಸ್ನಾಯುರಜ್ಜುವಿನದು. ಈ ಮೂರಕ್ಕೂ ಬೇಕಾದ ಪ್ಯಾಡು ಬೇರೆ ಬೇರೆ.

ಪ್ಯಾಡಿನ ಕೆಲಸವೇ ಅಲ್ಲದ ನೋವುಗಳೂ ಇವೆ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಂಗೈಯಲ್ಲಿ ಹಿಂಡಿದಾಗ ಜೋರಾಗಿ ನೋಯುವುದಾದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಉರಿ, ಜುಮ್ಮೆನ್ನುವುದು, ಮರಗಟ್ಟುವುದು ನರದ ತೊಂದರೆಯ ಗುರುತು. ನಲವತ್ತರೊಳಗಿನವರಿಗೆ ಎರಡೂ ಹಿಮ್ಮಡಿ ನೋಯುತ್ತಾ ಬೆಳಗಿನ ಹೊತ್ತು ಬೆನ್ನು ಅರ್ಧ ಗಂಟೆಗೂ ಮೀರಿ ಬಿಗಿದುಕೊಂಡಿದ್ದರೆ ಅದು ಸಂಧಿವಾತದ ಒಂದು ಬಗೆಯಾಗಿರಬಹುದು, ರಕ್ತ ಪರೀಕ್ಷೆ ಬೇಕಾಗುತ್ತದೆ. ಇಂಥವರು ಅಂಗಡಿಗಿಂತ ಮೊದಲು ವೈದ್ಯರ ಬಳಿ ಹೋಗಿ.

ಹಿಮ್ಮಡಿ ನೋವಿಗೆ ಸಿಗುವ ಆಯ್ಕೆಗಳು

ಎಲ್ಲಕ್ಕಿಂತ ಸುಲಭಕ್ಕೆ ಸಿಗುವುದು ಸಿಲಿಕೋನ್ ಹೀಲ್ ಕಪ್. ಜೋಡಿಗೆ ಕೆಲವು ನೂರು ರೂಪಾಯಿ. ಕೊಬ್ಬಿನ ಮೆತ್ತೆ ತೆಳುವಾದವರಿಗೆ ಇದೇ ಸರಿಯಾದ ವಸ್ತು, ಏಕೆಂದರೆ ಕಪ್ಪಿನ ಅಂಚು ಹರಡಿಹೋಗುವ ಕೊಬ್ಬನ್ನು ಹಿಮ್ಮಡಿ ಮೂಳೆಯ ಕೆಳಕ್ಕೇ ಒತ್ತಿ ಹಿಡಿಯುತ್ತದೆ. ಕೊಳ್ಳುವಾಗ ಅಂಚಿನ ಎತ್ತರ ನೋಡಿ. ಬರೀ ಚಪ್ಪಟೆ ಬಿಲ್ಲೆಯಂತಿದ್ದರೆ ಅದು ಕಪ್ ಅಲ್ಲ. ನಡುವೆ ಬೇರೆ ಬಣ್ಣದ ಮೆತ್ತನೆ ಬಿಲ್ಲೆ ಇದ್ದು, ಅದನ್ನು ತೆಗೆದು ಹಾಕುವಂತಿದ್ದರೆ ಒಳ್ಳೆಯದು. ನೋಯುವ ಜಾಗಕ್ಕೆ ಒತ್ತಡ ಬೀಳದಂತೆ ಅದನ್ನು ತೆಗೆದೇ ಬಳಸಬಹುದು. ಆದರೆ ಪ್ಲಾಂಟರ್ ಫೇಶಿಯೈಟಿಸ್‌ಗೆ ಬರೀ ಕಪ್ ಸಾಲದು. ಅದು ಹಿಮ್ಮಡಿಗೆ ಬೀಳುವ ಪೆಟ್ಟನ್ನು ತಗ್ಗಿಸುತ್ತದೆ, ಅಂಗಾಲಿನ ಪಟ್ಟಿಗೆ ಬೀಳುವ ಎಳೆತವನ್ನು ಮುಟ್ಟುವುದಿಲ್ಲ.

ಪೂರ್ತಿ ಅಂಗಾಲಿನ ಜೆಲ್ ಇನ್ಸೋಲ್ ಕಾಲಿಗೆ ಹಾಕಿದ ಕೂಡಲೇ ಹಿತವೆನಿಸುತ್ತದೆ, ಅದಕ್ಕೇ ಹೆಚ್ಚು ಮಾರಾಟವಾಗುತ್ತದೆ. ಆ ಹಿತ ಬೇಗ ಮುಗಿಯುತ್ತದೆ. ಮೆತ್ತಗಿರುವುದು ಪಾದದ ಕಮಾನನ್ನು, ಅಂದರೆ ಅಂಗಾಲಿನ ನಡುವೆ ಒಳಪಕ್ಕ ನೆಲಕ್ಕೆ ತಾಗದ ಬಾಗಿದ ಭಾಗವನ್ನು, ಎತ್ತಿ ಹಿಡಿಯಲಾರದು. ಮೇಲಿನ ಬಟ್ಟೆಯ ಪದರ ಒದ್ದೆಯಾದರೆ ಮಡಿಕೇರಿಯ ಜುಲೈಯಲ್ಲಿ ಒಣಗುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ. ಇದನ್ನು ನಾವು ಸಾಮಾನ್ಯವಾಗಿ ಸೂಚಿಸುವುದಿಲ್ಲ.

ಪ್ಲಾಂಟರ್ ಫೇಶಿಯೈಟಿಸ್ ಇರುವ ಹೆಚ್ಚಿನವರಿಗೆ ನಮ್ಮ ಆಯ್ಕೆ ಗಟ್ಟಿ ಇವಿಎ (ರಬ್ಬರಿನಂಥ ಹಗುರ ಫೋಮ್) ತಳವಿರುವ, ಕಮಾನಿನ ಎತ್ತರವನ್ನು ಬದಲಿಸಬಹುದಾದ ಇನ್ಸೋಲ್. ಇದರಲ್ಲಿ ಹಿಮ್ಮಡಿ ಕೂರುವ ತಗ್ಗು, ಅದರ ಮುಂದೆ ಕಮಾನಿನ ಉಬ್ಬು ಇರುತ್ತದೆ. ಉಬ್ಬಿನ ಅಡಿಗೆ ವೆಲ್ಕ್ರೋದಿಂದ ಅಂಟುವ ತುಂಡುಗಳನ್ನು ಸೇರಿಸಿ ಅಥವಾ ತೆಗೆದು ಎತ್ತರ ಹೊಂದಿಸಿಕೊಳ್ಳಬಹುದು. ಒಳ್ಳೆಯ ಇನ್ಸೋಲ್ ಯಾವುದೆಂದು ಅಂಗಡಿಯಲ್ಲೇ ತಿಳಿಯಬಹುದು. ಎರಡು ತುದಿ ಹಿಡಿದು ಮಡಚಿ ನೋಡಿ: ಬೆರಳುಗಳ ಬುಡ ಬರುವ ಕಡೆ ಬಾಗಬೇಕು, ಕಮಾನಿನ ಕಡೆ ಬಾಗಬಾರದು. ಕಮಾನಿನ ಉಬ್ಬನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಬೆರಳು ತಳ ಮುಟ್ಟಿದರೆ ನಿಮ್ಮ ತೂಕಕ್ಕೆ ಅದು ಚಪ್ಪಟೆಯಾಗುವುದು ಖಂಡಿತ. ಎಂಬತ್ತು ಕಿಲೋಗಿಂತ ಹೆಚ್ಚು ತೂಕದವರು ಇನ್ನಷ್ಟು ಗಟ್ಟಿಯದನ್ನೇ ಆರಿಸಿ.

ಬಿಸಿ ಮಾಡಿ ಪಾದದ ಆಕಾರಕ್ಕೆ ತರುವ ಇನ್ಸೋಲ್‌ಗಳೂ ಇವೆ. ತುಂಬಾ ಎತ್ತರದ ಕಮಾನು ಇರುವವರಿಗೆ, ಯಾವ ರೆಡಿಮೇಡ್ ಉಬ್ಬೂ ಪಾದಕ್ಕೆ ತಾಗದಿದ್ದರೆ, ಇವು ಒಳ್ಳೆಯವು. ಒಮ್ಮೆ ತಪ್ಪು ಭಂಗಿಯಲ್ಲಿ ಒತ್ತಿಬಿಟ್ಟರೆ ಮಾತ್ರ ಆ ತಪ್ಪೇ ಅಚ್ಚಾಗುತ್ತದೆ.

ಅಳತೆ ತೆಗೆದು ಮಾಡಿಸುವ ಆರ್ಥೋಟಿಕ್‌ಗೆ ಖರ್ಚು ಸಾವಿರಗಳಲ್ಲಿ, ಜೊತೆಗೆ ಮೈಸೂರಿಗೋ ಮಂಗಳೂರಿಗೋ ಒಂದೆರಡು ಓಡಾಟ. ಸಾಮಾನ್ಯ ಹಿಮ್ಮಡಿ ನೋವಿಗೆ ಅದು ಒಳ್ಳೆಯ ರೆಡಿಮೇಡ್ ಇನ್ಸೋಲ್‌ಗಿಂತ ಹೆಚ್ಚು ಗುಣ ಕೊಡುತ್ತದೆ ಎಂದು ಸಂಶೋಧನೆಗಳಲ್ಲಿ ಕಂಡಿಲ್ಲ. ಪಾದದ ಆಕಾರವೇ ಬದಲಾದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ, ಹಿಂದೆ ಹುಣ್ಣಾದವರಿಗೆ ಅದು ಬೇಕೇಬೇಕು. ಉಳಿದವರು ಆ ದುಡ್ಡನ್ನು ಮೊದಲು ಒಂದು ಒಳ್ಳೆಯ ಶೂಗೆ ಹಾಕಲಿ. ಹಿಂಭಾಗದ ಗೋಡೆ ಎರಡು ಬೆರಳಲ್ಲಿ ಹಿಂಡಿದರೆ ಕುಸಿಯಬಾರದು, ಲೇಸ್ ಇರಬೇಕು, ಒಳಗಿನ ಸೋಲ್ ಕಿತ್ತು ತೆಗೆಯುವಂತಿರಬೇಕು. ಹಿಂಭಾಗ ಕುಸಿದ ಹಳೇ ಶೂಗೆ ಎಷ್ಟು ಒಳ್ಳೆಯ ಇನ್ಸೋಲ್ ಹಾಕಿದರೂ ಪಾದ ಓಲಾಡುತ್ತದೆ.

ಅಕಿಲಿಸ್ ನೋವಿಗೆ ಕಮಾನಿನ ಉಬ್ಬು ಮುಖ್ಯವಲ್ಲ. ಎರಡೂ ಶೂಗಳಲ್ಲಿ ಹಿಮ್ಮಡಿಯಡಿಗೆ 8ರಿಂದ 10 ಮಿ.ಮೀ.ಗಳಷ್ಟು ಗಟ್ಟಿ ಲಿಫ್ಟ್ ಇಟ್ಟರೆ ಸ್ನಾಯುರಜ್ಜು ಅಷ್ಟು ಎಳೆಯುವುದಿಲ್ಲ. ನೋವು ತಗ್ಗಿದ ಮೇಲೆ ಒಂದೊಂದೇ ಪದರ ಕಡಿಮೆ ಮಾಡಿ ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಮೀನಖಂಡ ಗಿಡ್ಡವಾಗಿ ಬಿಗಿದುಕೊಳ್ಳುತ್ತದೆ.

ಇನ್ಸೋಲ್ ಕೂರಿಸುವುದು ಹೇಗೆ?

ಶೂವಿನ ಸ್ವಂತ ಇನ್ಸೋಲನ್ನು ಮೊದಲು ಹೊರಗೆ ತೆಗೆಯಿರಿ. ಅದರ ಮೇಲೆಯೇ ಹೊಸದನ್ನು ಹಾಕಿದರೆ ಪಾದ ಮೇಲಕ್ಕೆದ್ದು ಹಿಮ್ಮಡಿ ಜಾರುತ್ತದೆ, ಬೆರಳು ಮೇಲ್ಭಾಗಕ್ಕೆ ಉಜ್ಜುತ್ತದೆ. ಹಳೆಯದನ್ನು ಹೊಸದರ ಮೇಲಿಟ್ಟು, ಹಿಮ್ಮಡಿ ತುದಿ ಎರಡನ್ನೂ ಸೇರಿಸಿ ಹಿಡಿದು, ಬೆರಳುಗಳ ಕಡೆ ಪೆನ್ಸಿಲ್ ಗೆರೆ ಎಳೆಯಿರಿ. ಕತ್ತರಿಸುವುದು ಮುಂದಿನಿಂದ ಮಾತ್ರ, ಒಂದು ಸಲಕ್ಕೆ 2 ಮಿ.ಮೀ. ಹಿಮ್ಮಡಿ ಕಡೆಯಿಂದ ಕತ್ತರಿಸಿದರೆ ಕಮಾನಿನ ಉಬ್ಬು ತನ್ನ ಜಾಗ ಬಿಟ್ಟು ಹಿಂದಕ್ಕೆ ಬಂದು ಹಿಮ್ಮಡಿಗೇ ಒತ್ತುತ್ತದೆ, ಇನ್ಸೋಲ್ ದಂಡ.

ಕಮಾನಿನ ತುಂಡುಗಳಲ್ಲಿ ಅತಿ ತೆಳುವಾದುದರಿಂದ ಶುರುಮಾಡಿ. ಮೊದಲ ದಿನ ಒಂದೆರಡು ಗಂಟೆ, ಆಮೇಲೆ ದಿನಕ್ಕೆ ಒಂದೊಂದು ಗಂಟೆ ಹೆಚ್ಚಿಸಿ. ಪೂರ್ತಿ ದಿನ ಹಾಕುವ ಹೊತ್ತಿಗೆ ಎರಡು ವಾರವಾಗಲಿ. ಕಮಾನಿನಲ್ಲಿ ಏನೋ ತಾಗುತ್ತಿದೆ ಎನ್ನಿಸುವುದು ಸಹಜ, ನೋಯಬಾರದು. ಉಬ್ಬು ಪಾದದ ಮುಂಭಾಗದ ಮೂಳೆಗಳಿಗೆ ಒತ್ತುತ್ತಿದ್ದರೆ ಸೈಜು ದೊಡ್ಡದಾಯಿತು ಎಂದರ್ಥ. ಮಂಡಿಯ ಹೊರಪಕ್ಕ ಹೊಸ ನೋವು ಬಂದರೆ ಕಮಾನು ಅತಿಯಾಯಿತು, ಒಂದು ತುಂಡು ತೆಗೆಯಿರಿ.

ಇನ್ಸೋಲ್ ಒಂದೇ ಗುಣ ಮಾಡುವುದಿಲ್ಲ. ಹಾಸಿಗೆಯಿಂದ ಇಳಿಯುವ ಮೊದಲೇ ನೋಯುವ ಕಾಲನ್ನು ಇನ್ನೊಂದರ ಮೇಲೆ ಹಾಕಿ, ಬೆರಳುಗಳನ್ನು ಕೈಯಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸಿ ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಎಳೆದಾಗ ಅಂಗಾಲಿನಲ್ಲಿ ಪಟ್ಟಿ ತಂತಿಯಂತೆ ಬಿಗಿದದ್ದು ಇನ್ನೊಂದು ಕೈಗೆ ಸಿಗಬೇಕು. ನೋವು ಸ್ವಲ್ಪ ತಗ್ಗಿದ ಮೇಲೆ ಮನೆ ಮುಂದಿನ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ, ಬೆರಳುಗಳಡಿಗೆ ಸುತ್ತಿದ ಟವೆಲ್ ಇಟ್ಟು, ಮೂರು ಎಣಿಸುತ್ತಾ ಹಿಮ್ಮಡಿ ಎತ್ತಿ, ಎರಡು ಎಣಿಸುವಷ್ಟು ಹೊತ್ತು ನಿಂತು, ಮೂರು ಎಣಿಸುತ್ತಾ ಇಳಿಸಿ. ಹನ್ನೆರಡು ಸಲ, ದಿನ ಬಿಟ್ಟು ದಿನ ಸಾಕು. ಆರರಿಂದ ಎಂಟು ವಾರದಲ್ಲಿ ಬೆಳಗಿನ ನೋವು ಕಡಿಮೆಯಾಗತೊಡಗಬೇಕು. ಪೂರ್ತಿ ಹೋಗಲು ತಿಂಗಳುಗಳು ಹಿಡಿಯುತ್ತವೆ, ಹೆಚ್ಚಿನವರಿಗೆ ವರ್ಷದೊಳಗೆ ಹೋಗುತ್ತದೆ. 1997ರಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆಂದು ಬೇಸಿಗೆಯಲ್ಲಿ ಒಮ್ಮೆಲೇ ಮೈದಾನಕ್ಕಿಳಿಯುವ ಹಿರಿಯ ಆಟಗಾರರು ಈ ವ್ಯಾಯಾಮವನ್ನು ಎರಡು ತಿಂಗಳು ಮೊದಲೇ ಶುರುಮಾಡಿಕೊಂಡರೆ ಹಿಮ್ಮಡಿ ಉಳಿಯುತ್ತದೆ.

ಕಾಲಿನ ಉದ್ದ: ಅಳೆಯದೆ ಲಿಫ್ಟ್ ಬೇಡ

ಎರಡೂ ಕಾಲು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಇರುವವರು ಅಪರೂಪ. ನಾಲ್ಕೈದು ಮಿ.ಮೀ. ವ್ಯತ್ಯಾಸ ತೀರಾ ಸಾಮಾನ್ಯ, ನೋವಿಲ್ಲದಿದ್ದರೆ ಅದನ್ನು ಮುಟ್ಟಲೇಬಾರದು. ಒಂದು ಶೂ ಬೇಗ ಸವೆಯುತ್ತದೆ, ಪ್ಯಾಂಟಿನ ಒಂದು ಕಾಲು ನೆಲಕ್ಕೆ ತಾಗುತ್ತದೆ ಎಂಬುದೆಲ್ಲ ಅನುಮಾನಕ್ಕೆ ಕಾರಣವಾಗಬಹುದೇ ಹೊರತು ಅಳತೆಯಲ್ಲ.

ಮನೆಯಲ್ಲೇ ಅಳೆಯುವ ದಾರಿ ಇದು. ಅಂಗಳದಲ್ಲಿ ಅಳೆಯಬೇಡಿ, ಮಳೆ ನೀರು ಹರಿಯಲೆಂದು ಅಲ್ಲಿ ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಹಾಲ್‌ನಲ್ಲಿ, ಗೋಲಿ ಬಿಟ್ಟರೆ ಉರುಳದ ಜಾಗ ನೋಡಿಕೊಳ್ಳಿ. ಬರಿಗಾಲಲ್ಲಿ, ಪಾದಗಳ ನಡುವೆ ಒಂದು ಗೇಣು ಬಿಟ್ಟು, ಎರಡೂ ಮಂಡಿ ನೆಟ್ಟಗಿಟ್ಟು, ತೂಕ ಸಮವಾಗಿ ಹಾಕಿ ನಿಲ್ಲಿ. ಇನ್ನೊಬ್ಬರು ಹಿಂದೆ ಮಂಡಿಯೂರಿ, ಅಂಗೈ ಅಗಲಿಸಿ ತೋರುಬೆರಳುಗಳನ್ನು ಸೊಂಟದ ಮೂಳೆಯ ಮೇಲಂಚಿಗೆ ಎರಡೂ ಕಡೆ ಊರಲಿ. ಕಣ್ಣು ಬೆರಳಿನ ಮಟ್ಟಕ್ಕೇ ಇರಬೇಕು. ತಗ್ಗಿದ ಕಡೆಯ ಪಾದದ ಅಡಿಗೆ, ಹಿಮ್ಮಡಿಯಿಂದ ಬೆರಳ ತುದಿವರೆಗೂ ಬರುವಂತೆ, ಸಾಮಾನ್ಯ ಎ4 ಪ್ರಿಂಟಿಂಗ್ ಕಾಗದದ ಕಟ್ಟು ಇಡಿ. ಹತ್ತು ಹಾಳೆ ಸುಮಾರು 1 ಮಿ.ಮೀ. ದಪ್ಪ. ಮೂವತ್ತು ಹಾಳೆಯಿಂದ ಶುರುಮಾಡಿ, ಬೆರಳುಗಳು ಒಂದೇ ಮಟ್ಟಕ್ಕೆ ಬರುವವರೆಗೆ ಸೇರಿಸುತ್ತಾ ಹೋಗಿ. ಕೋಣೆಯಲ್ಲಿ ಒಂದು ಸುತ್ತು ನಡೆದು ಬಂದು ಮತ್ತೆ ಅಳೆಯಿರಿ, ಹೀಗೆ ಮೂರು ಸಲ. ಮೂರೂ ಸಲ ಕಾಲುಗಳ ವ್ಯತ್ಯಾಸ 5 ಮಿ.ಮೀ. ಒಳಗೇ ಇದ್ದರೆ ಅದು ಕೈಯ ತಪ್ಪೂ ಇರಬಹುದು, ಬಿಟ್ಟುಬಿಡಿ.

ಇಲ್ಲಿಗೆ ಅಳತೆ ಮುಗಿಯಲಿಲ್ಲ. ಮೂಳೆಯೇ ಗಿಡ್ಡವಿರುವುದು ಬೇರೆ, ಗಿಡ್ಡವಿದ್ದಂತೆ ಕಾಣುವುದು ಬೇರೆ. ಒಂದು ಪಾದದ ಕಮಾನು ಕುಸಿದಿದ್ದರೆ ಆ ಕಾಲು ಕೆಲವು ಮಿ.ಮೀ. ಗಿಡ್ಡವಾಗಿ ಕಾಣುತ್ತದೆ. ಆ ಪಾದದ ಒಳಪಕ್ಕಕ್ಕೆ ಮಡಚಿದ ಬಟ್ಟೆ ಸಿಕ್ಕಿಸಿ ಕಮಾನನ್ನು ಎತ್ತಿ ಹಿಡಿದು ಮತ್ತೆ ಅಳೆಯಿರಿ. ವ್ಯತ್ಯಾಸ ಮಾಯವಾದರೆ ನಿಮಗೆ ಬೇಕಾದದ್ದು ಲಿಫ್ಟ್ ಅಲ್ಲ, ಎರಡೂ ಕಾಲಿಗೆ ಕಮಾನಿನ ಇನ್ಸೋಲ್. ಮಂಡಿ ಪೂರ್ತಿ ನೆಟ್ಟಗಾಗದವರಿಗೆ, ಸೊಂಟದ ಕೀಲು ಸವೆದವರಿಗೆ, ಬೆನ್ನು ಒಂದು ಕಡೆ ವಾಲಿದವರಿಗೆ ಕಾಗದದ ಕಟ್ಟು ಸರಿಯಾದ ಲೆಕ್ಕ ಕೊಡುವುದಿಲ್ಲ. ಅವರಿಗೆ ನಿಂತು ತೆಗೆಯುವ ಪೂರ್ತಿ ಕಾಲಿನ ಎಕ್ಸ್‌ರೇಯೇ ಅಳತೆ. ಸೊಂಟದ ಕೀಲು ಬದಲಾಯಿಸಿಕೊಂಡವರಿಗೆ ಮೊದಲ ಕೆಲವು ತಿಂಗಳು ಆ ಕಾಲು ಉದ್ದವೆನಿಸುವುದು ಸಾಮಾನ್ಯ, ಸ್ನಾಯು ಸಡಿಲವಾದಂತೆ ಅದು ಹೆಚ್ಚಾಗಿ ಸರಿಹೋಗುತ್ತದೆ. ಆಪರೇಷನ್ ಮಾಡಿದ ವೈದ್ಯರನ್ನು ಕೇಳದೆ ಅವರು ಲಿಫ್ಟ್ ಹಾಕಬಾರದು.

ಯಾವ ಲಿಫ್ಟ್?

ಜೆಲ್ ಲಿಫ್ಟ್ ಈ ಕೆಲಸಕ್ಕೆ ಬಾರದು. ಕೈಯಲ್ಲಿ ಹಿಡಿದಾಗ 6 ಮಿ.ಮೀ. ಇದ್ದದ್ದು ಮೈತೂಕ ಬಿದ್ದಾಗ ಅರ್ಧಕ್ಕೆ ಇಳಿಯಬಹುದು, ಆಗ ಎಷ್ಟು ಎತ್ತರ ಕೊಟ್ಟಿದ್ದೇವೆ ಎಂಬ ಲೆಕ್ಕವೇ ತಪ್ಪುತ್ತದೆ. ಪದರ ಪದರವಾಗಿ ಬಿಚ್ಚಬಹುದಾದ ಗಟ್ಟಿ ಲಿಫ್ಟ್ ಬೇಕು: ಇವಿಎ, ಕಾರ್ಕ್, ಅಥವಾ ಗಟ್ಟಿ ಪ್ಲಾಸ್ಟಿಕ್ ಪದರಗಳದು. ಮಳೆನಾಡಿಗೆ ಇವಿಎ ಮೇಲು. ಕಾರ್ಕ್ ಹಗುರ, ಗಟ್ಟಿ, ಆದರೆ ದಿನವೂ ನೆನೆದರೆ ಅಂಚಿನಿಂದ ಪುಡಿಯಾಗುತ್ತದೆ.

ಎಷ್ಟು ಎತ್ತರ ಎಂಬುದರ ಮೇಲೆ ದಾರಿ ಕವಲೊಡೆಯುತ್ತದೆ. ವ್ಯತ್ಯಾಸ ಒಂದು ಸೆಂಟಿಮೀಟರಿನ ಒಳಗಿದ್ದರೆ ಶೂ ಒಳಗಿನ ಹೀಲ್ ಲಿಫ್ಟ್ ಸಾಕು. ಅದಕ್ಕೂ ಮೊದಲು ಪುಕ್ಕಟೆ ಉಪಾಯ ಒಂದಿದೆ: ಉದ್ದ ಕಾಲಿನ ಶೂ ಒಳಗಿನ ಇನ್ಸೋಲ್ ತೆಗೆದುಬಿಡಿ. ಅದರ ದಪ್ಪ 3ರಿಂದ 5 ಮಿ.ಮೀ. ಇರುತ್ತದೆ, ಅಷ್ಟು ವ್ಯತ್ಯಾಸ ಅಲ್ಲೇ ತೀರಿತು, ಗಿಡ್ಡ ಕಾಲಿನ ಹಿಮ್ಮಡಿ ಶೂನಿಂದ ಮೇಲೆ ಬರುವ ತೊಂದರೆಯೂ ಇಲ್ಲ. ಹಿಮ್ಮಡಿ ನೋವು ಇರುವವರು ಮಾತ್ರ ಇದನ್ನು ಮಾಡಬಾರದು, ಕಾಲಡಿ ಗಟ್ಟಿಯಾಗಿ ನೋವು ಕೆರಳುತ್ತದೆ.

ಹತ್ತು ಹನ್ನೆರಡು ಮಿ.ಮೀ. ದಾಟಿದರೆ ಹಿಮ್ಮಡಿಯಡಿಗೆ ಮಾತ್ರ ಇಡುವುದು ಕೆಲಸಕ್ಕೆ ಬರುವುದಿಲ್ಲ. ಹಿಮ್ಮಡಿ ಶೂ ಅಂಚಿನ ಮೇಲೆ ಬಂದು ಕಳಚಿಕೊಳ್ಳುತ್ತದೆ, ಬೆರಳುಗಳು ಮುಂದಕ್ಕೆ ಜಾರಿ ಒತ್ತಿಕೊಳ್ಳುತ್ತವೆ, ಮೀನಖಂಡ ಬಿಗಿಯುತ್ತದೆ. ಹೆಜ್ಜೆ ಮುಂದಕ್ಕೆ ಹೋದಾಗ ತೂಕವೆಲ್ಲ ಮುಂಗಾಲಿನ ಮೇಲೆ ಬರುತ್ತದೆ, ಅಲ್ಲಿ ಲಿಫ್ಟೇ ಇಲ್ಲ; ನಿಂತಾಗ ಸಮ, ನಡೆದಾಗ ಕುಂಟು. ಇಂಥ ಕಡೆ ಸೋಲನ್ನೇ ಹೊರಗಿನಿಂದ ಪೂರ್ತಿ ಉದ್ದಕ್ಕೂ ಎತ್ತರಿಸಬೇಕು. ಅನುಭವವಿರುವ ಚಪ್ಪಲಿ ರಿಪೇರಿಯವರು ಮೂಲ ಸೋಲನ್ನು ಬಿಡಿಸಿ, ನಡುವೆ ಇವಿಎ ಶೀಟ್ ಸೇರಿಸಿ, ಸೋಲನ್ನು ಮತ್ತೆ ಅಂಟಿಸಿ ಹೊಲಿದುಕೊಡುತ್ತಾರೆ. ಎರಡು ಮಾತು ಹೇಳಿ ಕೊಡಿ. ನೆಲಕ್ಕೆ ತಾಗುವ ಕೊನೆಯ ಪದರ ಗೀರುಗಳಿರುವ ರಬ್ಬರೇ ಆಗಿರಲಿ, ಬರೀ ಇವಿಎ ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರುತ್ತದೆ. ಬೆರಳಿನ ತುದಿಯ ಕಡೆ ದಪ್ಪ ಕಡಿಮೆ ಮಾಡುತ್ತಾ ಸ್ವಲ್ಪ ಮೇಲಕ್ಕೆ ಬಾಗಿಸಲಿ, ಇಲ್ಲದಿದ್ದರೆ ದಪ್ಪ ಸೋಲ್ ಬಾಗದೆ ಕಾಲು ಎಡವುತ್ತದೆ. ಒಂದು ಸೆಂಟಿಮೀಟರನ್ನು ಒಳಗೆ, ಉಳಿದದ್ದನ್ನು ಹೊರಗೆ ಎಂದು ಹಂಚಿದರೆ ಹೊರಗಿನಿಂದ ಅಷ್ಟಾಗಿ ಕಾಣುವುದಿಲ್ಲ. ಎರಡು ಸೆಂಟಿಮೀಟರ್ ಮೀರಿದ್ದಕ್ಕೆ ಮೂಳೆ ವೈದ್ಯರ ಸಲಹೆ ಇಲ್ಲದೆ ಕೈ ಹಾಕಬೇಡಿ.

ಪದರದ ಲಿಫ್ಟ್ ಸಿಗದಿದ್ದರೆ ಮಾಡಿಕೊಳ್ಳುವುದು ಕಷ್ಟವಲ್ಲ. 3 ಮಿ.ಮೀ. ಗಟ್ಟಿ ಇವಿಎ ಶೀಟಿನಲ್ಲಿ ಶೂವಿನ ಹಿಮ್ಮಡಿಯಷ್ಟು ಅಗಲಕ್ಕೆ ಮೂರು ತುಂಡು ಕತ್ತರಿಸಿ: ಒಂದು 9 ಸೆಂ.ಮೀ. ಉದ್ದ, ಇನ್ನೊಂದು 8, ಮತ್ತೊಂದು 7. ಹಿಂದಿನ ಅಂಚು ಮೂರಕ್ಕೂ ಒಂದೇ ಕಡೆ ಬರಲಿ, ಉದ್ದದ್ದು ಮೇಲೆ, ಗಿಡ್ಡದ್ದು ಕೆಳಗೆ. ಮುಂದಿನ ಅಂಚನ್ನು ಉಪ್ಪುಕಾಗದದಿಂದ ಇಳಿಜಾರಾಗಿ ಉಜ್ಜಿ. ಹೀಗೆ ಮಾಡದೆ ಮೂರನ್ನೂ ಒಂದೇ ಉದ್ದಕ್ಕೆ ಕತ್ತರಿಸಿದರೆ 9 ಮಿ.ಮೀ. ಎತ್ತರದ ಮೆಟ್ಟಿಲು ಕಮಾನಿಗೆ ಕೊರೆಯುತ್ತದೆ. ರಬ್ಬರ್ ಅಂಟನ್ನು ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಎತ್ತರ ನಿಗದಿಯಾಗುವವರೆಗೆ ಪದರಗಳನ್ನು ಎರಡು ಬದಿಯ ಟೇಪಿನಲ್ಲಿ ಅಂಟಿಸಿದರೆ ಸಾಕು.

ಏರಿಸುವುದು ನಿಧಾನಕ್ಕೆ. ಮೊದಲು 3 ಮಿ.ಮೀ., ಎರಡು ವಾರ ಬಿಟ್ಟು ಇನ್ನೊಂದು 3. ಹುಟ್ಟಿನಿಂದಲೋ ಬಾಲ್ಯದಿಂದಲೋ ಇರುವ ವ್ಯತ್ಯಾಸಕ್ಕೆ ಮೈ ಒಗ್ಗಿಹೋಗಿರುತ್ತದೆ. ಅಲ್ಲಿ ಅರ್ಧದಿಂದ ಮೂರನೇ ಎರಡು ಭಾಗ ತುಂಬಿದರೆ ಸಾಕು. ಅಂದರೆ 9 ಮಿ.ಮೀ. ವ್ಯತ್ಯಾಸಕ್ಕೆ 5 ಅಥವಾ 6. ಇತ್ತೀಚೆಗೆ ಮೂಳೆ ಮುರಿದು ಬಂದ ವ್ಯತ್ಯಾಸವಾದರೆ ಪೂರ್ತಿಯ ಹತ್ತಿರ ಹೋಗಬಹುದು. ಲಿಫ್ಟ್ ಹಾಕಿದ ಕಡೆ ಮಂಡಿ ಮಡಚಿಕೊಂಡೇ ನಿಲ್ಲುವಂತಾದರೆ, ಸೊಂಟದ ಹೊರಪಕ್ಕ ನೋಯತೊಡಗಿದರೆ ಎತ್ತರ ಅತಿಯಾಗಿದೆ. ಒಂದು ಪದರ ತೆಗೆದು ಎರಡು ವಾರ ಕಾಯಿರಿ.

ಗಂಬೂಟು, ಏಣಿ, ಬರಿಗಾಲು

ಗಂಬೂಟಿಗೆ ಲೇಸ್ ಇಲ್ಲ, ಒಳಗೆ ಸದಾ ತೇವ. ಬಿಡಿ ಹೀಲ್ ಲಿಫ್ಟ್ ಇಟ್ಟರೆ ಇಳಿಜಾರಿನಲ್ಲಿ ಇಳಿಯುವಾಗ ಅದು ಜಾರಿ ಕಮಾನಿನಡಿಗೆ ಬಂದು ಕೂರುತ್ತದೆ. ಒದ್ದೆ ಮೈಗೆ ಟೇಪ್ ಹಿಡಿಯುವುದಿಲ್ಲ. ಇದಕ್ಕೆ ದಾರಿಯೆಂದರೆ ಬೂಟಿನ ಪೂರ್ತಿ ಉದ್ದದ ಇವಿಎ ಇನ್ಸೋಲ್ ಕತ್ತರಿಸಿ, ಲಿಫ್ಟನ್ನು ಅದರ ಅಡಿಗೆ ಕಾಯಂ ಅಂಟಿಸುವುದು. ಮುಂದೆ ಬೆರಳ ತುದಿವರೆಗೂ ಇನ್ಸೋಲ್ ತುಂಬಿಕೊಂಡಿದ್ದರೆ ಜಾರಲು ಜಾಗವೇ ಇರುವುದಿಲ್ಲ. ಬೂಟು ಕೊಳ್ಳುವಾಗಲೇ ಇನ್ಸೋಲ್ ಒಯ್ದು, ದಪ್ಪ ಕಾಲುಚೀಲದೊಂದಿಗೆ ಹಾಕಿ ನೋಡಿ. ಹಿಮ್ಮಡಿ ಜಾರುತ್ತಿದ್ದರೆ 6 ಮಿ.ಮೀ.ಗಿಂತ ಹೆಚ್ಚು ಎತ್ತರ ಗಂಬೂಟಿಗೆ ಬೇಡ. ಪಿವಿಸಿ ಗಂಬೂಟಿನ ಸೋಲ್ ಎರಕದ್ದು, ಬಿಡಿಸಲಾಗದು, ಮಾಮೂಲಿ ಶೂ ಅಂಟು ಅದಕ್ಕೆ ಹಿಡಿದು ನಿಲ್ಲುವುದೂ ಇಲ್ಲ. ಹೊರಗಿನಿಂದ ಎತ್ತರಿಸಬೇಕಾದವರು ಹೊಲಿಗೆ ಸೋಲಿನ ಬೂಟಿಗೆ ಬದಲಾಗಬೇಕು.

ಇಳಿಜಾರಿಗೆ ಅಡ್ಡಲಾಗಿ ಸಾಲು ಹಿಡಿದು ಕಾಫಿ ಕೊಯ್ಯುವಾಗ ಮೇಲಿನ ಕಡೆಯ ಕಾಲು ಮಡಚಿರುತ್ತದೆ, ಕೆಳಗಿನದು ಚಾಚಿರುತ್ತದೆ. ಇದಕ್ಕೆಂದು ಲಿಫ್ಟಿನ ಎತ್ತರ ಬದಲಿಸಬೇಡಿ, ಸಾಲಿನ ಕೊನೆಯಲ್ಲಿ ತಿರುಗಿದರೆ ಲೆಕ್ಕ ತಲೆಕೆಳಗಾಗುತ್ತದೆ. ಹೊಂದಿಸುವುದು ಸಮ ನೆಲಕ್ಕೆ. ಒಂದೇ ದಿಕ್ಕಿಗೆ ಸಾಲು ಹಿಡಿಯದೆ ಆಚೀಚೆ ಬದಲಿಸಿಕೊಂಡರೆ ಸೊಂಟಕ್ಕೆ ಹಗುರ.

ಕರಿಮೆಣಸು ಕೊಯ್ಯುವವರ ಹಿಮ್ಮಡಿಗೆ ಶತ್ರು ಏಣಿ. ಏಣಿಯ ಮೆಟ್ಟಿಲು ಕಮಾನಿನ ನಡುವೆ ಕೂತು, ಅಂಗಾಲಿನ ಪಟ್ಟಿಯ ಮೇಲೆಯೇ ಮೈತೂಕವೆಲ್ಲ ಬೀಳುತ್ತದೆ. ಮೆತ್ತನೆ ಸೋಲಿನ ಕ್ಯಾನ್ವಾಸ್ ಶೂ ಹಾಕಿ ಏರುವವರಿಗೆ ಇದು ಇನ್ನೂ ಹೆಚ್ಚು. ಮಡಚಿದರೆ ಕಮಾನಿನಲ್ಲಿ ಬಾಗದ ಗಟ್ಟಿ ಸೋಲಿನ ಬೂಟು ಇಲ್ಲಿ ಯಾವ ಇನ್ಸೋಲ್‌ಗಿಂತಲೂ ಮುಖ್ಯ. ಹೊಸ ಲಿಫ್ಟ್ ಹಾಕಿದ ಮೊದಲ ವಾರ, ಪಾದದ ಅಂದಾಜು ಬದಲಾಗಿರುವುದರಿಂದ, ಏಣಿ ಹತ್ತಲೇಬೇಡಿ.

ಇನ್ನು ಮನೆಯೊಳಗಿನ ಮಾತು. ಬೆಳಿಗ್ಗೆ ಐದರಿಂದ ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಂತು, ಶೂ ಹಾಕುವುದು ವಾರಕ್ಕೊಮ್ಮೆ ಸಂತೆಗೆ ಹೋಗುವಾಗ ಮಾತ್ರ ಎನ್ನುವವರಿಗೆ ಶೂ ಒಳಗಿನ ಇನ್ಸೋಲ್ ಎಷ್ಟು ಬೆಲೆಯದಾದರೇನು? ಅವರಿಗೆ ಬೇಕಾದದ್ದು ಮನೆಯೊಳಗೆಂದೇ ಮೀಸಲಾದ ಒಂದು ಜೋಡಿ ಎಂಸಿಆರ್ (ಸಣ್ಣ ಸಣ್ಣ ರಂಧ್ರಗಳ ಮೆತ್ತನೆ ರಬ್ಬರಿನ) ಚಪ್ಪಲಿ, ಹಿಂದೆ ಪಟ್ಟಿ ಇರುವುದು. ಹವಾಯಿ ಚಪ್ಪಲಿ ಬೇಡ. ಅದು ತೆಳು, ಕಳಚದಂತೆ ಬೆರಳುಗಳು ಹಿಡಿದುಕೊಂಡೇ ಇರಬೇಕು, ಅಂಗಾಲು ಬಿಗಿಯುತ್ತದೆ. ಉದ್ದ ವ್ಯತ್ಯಾಸ ಇರುವವರು ಮನೆ ಚಪ್ಪಲಿಯ ಒಂದು ಕಾಲಿಗೂ ಹೊರಗಿನಿಂದ ಅಷ್ಟೇ ಎತ್ತರ ಅಂಟಿಸಿಕೊಳ್ಳಲಿ.

ಎರಡೂ ತೊಂದರೆ ಒಟ್ಟಿಗೆ ಇದ್ದರೆ

ಮೊದಲು ಹಿಮ್ಮಡಿ. ಎರಡೂ ಕಾಲಿಗೆ ಒಂದೇ ಬಗೆಯ ಕಮಾನಿನ ಇನ್ಸೋಲ್ ಹಾಕಿ ಮೂರು ನಾಲ್ಕು ವಾರ ನಡೆಯಿರಿ. ಆಮೇಲೆ ಗಿಡ್ಡ ಕಾಲಿನ ಇನ್ಸೋಲ್‌ನ ಅಡಿಗೆ 3 ಮಿ.ಮೀ. ಲಿಫ್ಟ್ ಸೇರಿಸಿ. ಲಿಫ್ಟ್ ಯಾವಾಗಲೂ ಕೆಳಗೆ, ಇನ್ಸೋಲ್ ಮೇಲೆ. ತಿರುಗಾಮುರುಗಾ ಇಟ್ಟರೆ ಹಿಮ್ಮಡಿ ಇನ್ಸೋಲ್‌ನ ತಗ್ಗಿನಲ್ಲಿ ಕೂರುವುದಿಲ್ಲ. ಎರಡನ್ನೂ ಒಂದೇ ದಿನ ಹಾಕಿದರೆ ಗುಣವಾದರೂ, ಹೆಚ್ಚಾದರೂ ಕಾರಣ ಯಾವುದೆಂದು ತಿಳಿಯದು.

ಯಾರು ಸ್ವಂತಕ್ಕೆ ಪ್ರಯತ್ನಿಸಬಾರದು?

ಮಕ್ಕಳ ಕಾಲಿನ ಉದ್ದ ವ್ಯತ್ಯಾಸಕ್ಕೆ ಅಂಗಡಿಯ ಲಿಫ್ಟ್ ಹಾಕಿ ಸುಮ್ಮನಿರಬೇಡಿ. ಬೆಳೆಯುತ್ತಾ ವ್ಯತ್ಯಾಸ ಹೆಚ್ಚಬಹುದು. ಉದ್ದ ಕಾಲಿನ ಬೆಳವಣಿಗೆಯನ್ನು ನಿಧಾನಿಸಿ ಸರಿಮಾಡುವ ಸಣ್ಣ ಆಪರೇಷನ್ ಮೂಳೆ ಇನ್ನೂ ಬೆಳೆಯುತ್ತಿರುವಾಗ ಮಾತ್ರ ಸಾಧ್ಯ, ತಡವಾದರೆ ಆ ಬಾಗಿಲು ಮುಚ್ಚುತ್ತದೆ. ಸಕ್ಕರೆ ಕಾಯಿಲೆಯಿದ್ದು ಪಾದದಲ್ಲಿ ಸ್ಪರ್ಶ ಕಡಿಮೆಯಾದವರು ಗಟ್ಟಿ ಇನ್ಸೋಲ್ ಹಾಕಿದರೆ ಗುಳ್ಳೆ ಎದ್ದದ್ದೂ ತಿಳಿಯುವುದಿಲ್ಲ. ಗಂಬೂಟಿನ ತೇವದಲ್ಲಿ ಅದು ಹುಣ್ಣಾಗಲು ಹೆಚ್ಚು ದಿನ ಬೇಡ. ದೊಡ್ಡವರಲ್ಲಿ ಹೊಸದಾಗಿ ಕಾಣಿಸಿಕೊಂಡ ವ್ಯತ್ಯಾಸ, ಟಪ್ ಎಂದ ಶಬ್ದದೊಂದಿಗೆ ಬಂದ ನೋವು, ಊತ, ಜ್ವರ, ಮಲಗಿದಾಗಲೂ ಬಿಡದ ನೋವು ಇವೆಲ್ಲ ಮೂಳೆ ವೈದ್ಯರು ನೋಡಬೇಕಾದವು. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಹೋಗಬಹುದು. ಹೋಗುವಾಗ ದಿನವೂ ಹಾಕುವ ಶೂ, ಗಂಬೂಟು, ಈಗ ಬಳಸುತ್ತಿರುವ ಪ್ಯಾಡು ಎಲ್ಲವನ್ನೂ ಚೀಲದಲ್ಲಿ ಒಯ್ಯಿರಿ.

ಮಳೆಗಾಲದ ನಿಗಾ

ಸಂಜೆ ಬೂಟು ಕಳಚಿದ ಕೂಡಲೇ ಇನ್ಸೋಲ್ ಹೊರಗೆ ತೆಗೆದು, ಸೋಪಿನ ನೀರಲ್ಲಿ ತೊಳೆದು, ಗಾಳಿಯಾಡುವ ಕಡೆ ನಿಲ್ಲಿಸಿ. ಬೂಟಿಗೆ ಹಳೇ ಪೇಪರ್ ತುಂಬಿ. ಒಲೆಯ ಪಕ್ಕ, ನೀರು ಕಾಯಿಸುವ ಹಂಡೆಯ ಬಳಿ ಇವಿಎ ಒಣಗಿಸಬೇಡಿ. ಬಿಸಿಗೆ ಅದು ಕುಗ್ಗಿ ಸೊಟ್ಟಗಾಗುತ್ತದೆ, ಕಮಾನಿನ ಉಬ್ಬು ಇಳಿಯುತ್ತದೆ. ಎರಡು ಜೋಡಿ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿದರೆ ಪೂರ್ತಿ ಒಣಗಲು ಸಮಯ ಸಿಗುತ್ತದೆ. ಹೊಸದಾಗಿ ತಂದ ದಿನವೇ ಲಿಫ್ಟಿನ ದಪ್ಪವನ್ನು ಸ್ಕೇಲಿನಲ್ಲಿ ಅಳೆದು ಅದರ ಅಡಿಯಲ್ಲಿ ಪೆನ್ನಿನಿಂದ ಬರೆದಿಡಿ. ಮೂರು ತಿಂಗಳಿಗೊಮ್ಮೆ ಅಳೆದು ನೋಡಿ, 2 ಮಿ.ಮೀ. ಕುಗ್ಗಿದ್ದರೆ ಬದಲಿಸಿ, ಆಗ ಹಿಮ್ಮಡಿ ನೋವಿನ ಇನ್ಸೋಲ್ ಆದರೆ ಒಂದನ್ನೇ ಅಲ್ಲ, ಜೋಡಿಯನ್ನೇ ಬದಲಿಸಿ.